ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಪರಿಸರ ವಿಜ್ಞಾನವೋ, ಪಬ್ಲಿಕ್ ಪಾಲಿಸಿಯೋ?

ಪ್ರಶ್ನೆ: ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ, ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ. ಮುಂದೆ ಪರಿಸರ ವಿಜ್ಞಾನದ ಎಂ.ಎಸ್ಸಿ. ಮಾಡಲೋ, ಪಬ್ಲಿಕ್ ಪಾಲಿಸಿ (ಸರ್ಕಾರದ ನೀತಿ ರೂಪಿಸುವ ಶಾಸ್ತ್ರ) ಓದಲೋ? ಎರಡೂ ಬೇಕು ಅನಿಸುತ್ತದೆ.
– ವಿದ್ಯಾರ್ಥಿನಿ, ಕೆಂಗೇರಿ

ಉತ್ತರ: ಎರಡೂ ಬೇಕು. ಆದರೆ ನಿಮ್ಮ ವಿಷಯಗಳನ್ನು ನೋಡಿದರೆ ಮೊದಲು ವಿಜ್ಞಾನ, ಆಮೇಲೆ ಪಾಲಿಸಿ ಎಂಬ ಕ್ರಮವೇ ಒಳ್ಳೆಯದು. ಕಾಯ್ದೆ, ಬಜೆಟ್ ಓದುವುದನ್ನು ಕೆಲಸ ಮಾಡುತ್ತಲೂ ಕಲಿಯಬಹುದು. ಲ್ಯಾಬಿನ ಕೈಚಳಕ ಒಮ್ಮೆ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ.

ಪಾಲಿಸಿ ಏಕೆ ಬೇಕು ಎನ್ನುವುದಕ್ಕೆ ನಮ್ಮ ಕೆರೆಗಳ ಬಫರ್ ವಲಯದ ಪ್ರಕರಣ ನೋಡಿ. ಬೆಂಗಳೂರಿನ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಯ ಸುತ್ತ 30 ಮೀಟರ್ ಜಾಗವನ್ನು ಕಟ್ಟಡ ಕಟ್ಟದೆ ಬಫರ್ ಆಗಿ ಬಿಡಬೇಕಿತ್ತು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರ್‌ಗೆ ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಕೆರೆಗೆ 75 ಮೀಟರ್ ಬೇಡ ಎಂದು ಅದು ಹೇಳಲಿಲ್ಲ. ಕಾನೂನಿನಡಿ ಬಂದ ಮಾಸ್ಟರ್ ಪ್ಲಾನನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂದಿತು. ಕೆರೆಗೆ ಎಷ್ಟು ಮೀಟರ್ ಬೇಕು ಎಂದು ಹೇಳುವುದು ವಿಜ್ಞಾನ. ಅದನ್ನು ಯಾರು, ಯಾವ ಕಾಯ್ದೆಯಡಿ ಹೇಳಿದರೆ ನಿಲ್ಲುತ್ತದೆ ಎಂಬುದನ್ನು ಪಾಲಿಸಿ ತರಗತಿಯಲ್ಲಿ ಕಲಿಯುತ್ತೀರಿ.

ಊರಲ್ಲೇ ಓದುವುದಾದರೆ ಬೆಂಗಳೂರು ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ಎಂ.ಎಸ್ಸಿ. ನಿಮಗೆ ಹತ್ತಿರ, ಜ್ಞಾನಭಾರತಿಯಲ್ಲೇ. ಅಲ್ಲಿಂದ ಸ್ವಲ್ಪ ದೂರದ ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆಯ ಎರಡು ವರ್ಷದ ಮಾಸ್ಟರ್ ಆಫ್ ಪಬ್ಲಿಕ್ ಪಾಲಿಸಿ ಇದೆ. ಪ್ರವೇಶ ಎನ್‌ಎಲ್‌ಎಸ್‌ಎಟಿ ಪರೀಕ್ಷೆಯ ಮೂಲಕ. ಬಹು ಆಯ್ಕೆ ಪ್ರಶ್ನೆಗಳ ಜೊತೆ ವಿವರವಾಗಿ ಬರೆಯುವ ಭಾಗವೂ ಇರುತ್ತದೆ, ವಿಜ್ಞಾನದವರು ಸಾಮಾನ್ಯವಾಗಿ ಎಡವುವುದು ಅಲ್ಲೇ. ವನ್ಯಜೀವಿ ಕಡೆ ಒಲವಿದ್ದರೆ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಎಂ.ಎಸ್ಸಿ. ನೋಡಿ. ಅದಕ್ಕೆ ಎರಡು ವರ್ಷಕ್ಕೊಮ್ಮೆ ಮಾತ್ರ ಪ್ರವೇಶ, ವರ್ಷದ ಲೆಕ್ಕ ತಪ್ಪಿಸಿಕೊಳ್ಳಬೇಡಿ. ಎರಡೂ ಶಾಸ್ತ್ರ ಬೆರೆತ ಪಿಎಚ್‌.ಡಿ. ಬೇಕೆಂದಾಗ ಜಕ್ಕೂರು ಕಡೆಯ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ನೆನಪಿರಲಿ.

ಪ್ರಶ್ನೆ: ಎಂ.ಎಸ್ಸಿ. ಪ್ರಬಂಧಕ್ಕೆ ಒಂದು ಕೆರೆಯ ನೀರು ಪರೀಕ್ಷಿಸುತ್ತಿದ್ದೇನೆ. ಕರಗಿದ ಆಮ್ಲಜನಕ ಬೆಳಗಿನ ಜಾವ ಲೀಟರಿಗೆ 2 ಮಿ.ಗ್ರಾಂ, ಅದೇ ದಿನ ಮಧ್ಯಾಹ್ನ 11. ಪ್ರಯೋಗವೇ ತಪ್ಪಾಗಿದೆಯೇ? ಇದರಲ್ಲಿ ಪಾಲಿಸಿ ವಿಷಯವನ್ನು ಹೇಗೆ ಸೇರಿಸಲಿ?
– ವಿದ್ಯಾರ್ಥಿ, ವಿಜಯನಗರ

ಉತ್ತರ: ಮೊದಲು ಪ್ರಯೋಗ ನೋಡೋಣ. 300 ಮಿ.ಲೀ. ಬಿಒಡಿ (ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬೇಕಾಗುವ ಆಮ್ಲಜನಕ) ಅಳೆಯುವ ಬಾಟಲಿಯನ್ನು ನೀರಿನೊಳಗೇ ತುಂಬಿಸಿ, ಒಂದು ಗುಳ್ಳೆಯೂ ಉಳಿಯದಂತೆ. ದಡದಲ್ಲೇ 1 ಮಿ.ಲೀ. ಮ್ಯಾಂಗನಸ್ ಸಲ್ಫೇಟ್, ಆಮೇಲೆ 1 ಮಿ.ಲೀ. ಆಲ್ಕಲಿ-ಅಯೊಡೈಡ್-ಅಜೈಡ್ ಹಾಕಿ ಮುಚ್ಚಿ, ಹಲವು ಸಲ ಬೋರಲು ಮಾಡಿ. ಕಂದು ಗಸಿ ಬಂದರೆ ಆಮ್ಲಜನಕ ಇದೆ. ಬಿಳಿಯಾಗಿಯೇ ಉಳಿದರೆ ಇಲ್ಲ. ಗಸಿ ಕೂತ ಮೇಲೆ 1 ಮಿ.ಲೀ. ಗಂಧಕಾಮ್ಲ ಹಾಕಿ ಕರಗಿಸಿ. ಅದರಲ್ಲಿ 201 ಮಿ.ಲೀ. ಅಳೆದು ತೆಗೆದು, 0.025 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದರೆ (ಹನಿಹನಿಯಾಗಿ ಹಾಕಿ ಅಳೆದರೆ) ಖರ್ಚಾದ ಪ್ರತಿ ಮಿ.ಲೀ.ಗೆ ಲೀಟರಿಗೆ 1 ಮಿ.ಗ್ರಾಂ. ಬಾಟಲಿಯನ್ನು ಹಾಗೇ ಬಸ್ಸಿನಲ್ಲಿ ಕಾಲೇಜಿಗೆ ತಂದು ಅಲ್ಲಿ ರಾಸಾಯನಿಕ ಹಾಕುವುದು ಸಾಮಾನ್ಯ ತಪ್ಪು. ದಾರಿಯಲ್ಲೇ ಸೂಕ್ಷ್ಮಜೀವಿಗಳು ಆಮ್ಲಜನಕ ಬಳಸಿಬಿಡುತ್ತವೆ.

ಇದೆಲ್ಲ ಸರಿಯಿದ್ದರೆ ನಿಮ್ಮ ಎರಡೂ ಸಂಖ್ಯೆಗಳು ನಿಜವೇ. ಗಾಳಿಯಿಂದ ನೀರಿನಲ್ಲಿ ಕರಗಬಲ್ಲ ಆಮ್ಲಜನಕ ಪುಸ್ತಕದ ಕೋಷ್ಟಕದಲ್ಲಿ 25 ಡಿಗ್ರಿಗೆ ಸುಮಾರು 8.3 ಎಂದಿರುತ್ತದೆ, ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಇಲ್ಲಿ ಅದು 7.4ರ ಆಸುಪಾಸು. ಹಾಗಾದರೆ 11 ಎಂದರೆ ಗಾಳಿಯಿಂದ ಬಂದದ್ದಲ್ಲ. ಕೊಳಚೆ ನೀರಿನ ಸಾರಜನಕ, ರಂಜಕ ಉಂಡು ಬೆಳೆದ ಪಾಚಿ ಬಿಸಿಲಲ್ಲಿ ಬಿಟ್ಟದ್ದು. ರಾತ್ರಿ ಅದೇ ಪಾಚಿ ಉಸಿರಾಡಿ ಆಮ್ಲಜನಕವನ್ನು ಬರಿದು ಮಾಡುತ್ತದೆ. ಕೆರೆಗಳಲ್ಲಿ ಮೀನು ಸತ್ತು ತೇಲುವುದು ಹೆಚ್ಚಾಗಿ ಬೆಳಗ್ಗೆಯೇ ಕಾಣುವುದು ಇದಕ್ಕೇ.

ಪಾಲಿಸಿ ಇಲ್ಲೇ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನು ಬದುಕುವ ‘ಡಿ’ ವರ್ಗಕ್ಕೆ ಆಮ್ಲಜನಕ ಕನಿಷ್ಠ 4 ಇರಬೇಕು. ಮಧ್ಯಾಹ್ನದ ಒಂದೇ ಬಾಟಲಿ ನಂಬಿದರೆ ನಿಮ್ಮ ಕೆರೆ ಪಾಸು. ಜಾವದ ಬಾಟಲಿಗೆ ಫೇಲು. ಆದ್ದರಿಂದ ಮೂರು ಗಂಟೆಗೊಮ್ಮೆ, ದಿನಕ್ಕೆ ಎಂಟು ಸಲ, ನೀರು ಒಳಬರುವ ಕಡೆ, ನಡುವೆ, ಕೋಡಿಯಲ್ಲಿ – ಒಟ್ಟು 24 ಬಾಟಲಿ ತೆಗೆಯಿರಿ. ರಾತ್ರಿ ಒಬ್ಬರೇ ಹೋಗಬೇಡಿ. ಪ್ರಬಂಧದ ಕೊನೆಗೆ ಎರಡು ಪುಟದ ಟಿಪ್ಪಣಿ ಸೇರಿಸಿ: ಮಾದರಿ ತೆಗೆಯುವ ಹೊತ್ತು ಯಾವುದಾಗಬೇಕು, ಹೆಚ್ಚುವರಿ ಸಿಬ್ಬಂದಿ ಎಷ್ಟು, ಖರ್ಚು ಯಾರದು. ‘ಸರ್ಕಾರ ಕ್ರಮ ಕೈಗೊಳ್ಳಬೇಕು’ ಎಂಬ ವಾಕ್ಯ ಮಾತ್ರ ಬರೆಯಬೇಡಿ. ಯಾವ ಇಲಾಖೆ, ಯಾವ ಅಧಿಕಾರಿ ಎಂದು ಹೆಸರಿಸದ ಸಲಹೆಯನ್ನು ಯಾರೂ ಜಾರಿ ಮಾಡಲಾಗದು.

ಪ್ರಶ್ನೆ: ಬಿ.ಇ. ಸಿವಿಲ್ ಮುಗಿಸಿದ್ದೇನೆ. ವಿಜ್ಞಾನ, ಪಾಲಿಸಿ ಎರಡೂ ಸೇರಿದ ಕೋರ್ಸ್ ಅಮೆರಿಕದಲ್ಲಿ ಇದೆಯೇ?
– ಓದುಗರು, ಯಲಹಂಕ

ಉತ್ತರ: ಇವೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ಮತ್ತು ಪಾಲಿಸಿಯ ಎಂಪಿಎ (ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿ) ಹನ್ನೆರಡು ತಿಂಗಳದ್ದು, ಬೇಸಿಗೆಯಲ್ಲೇ ಶುರುವಾಗಿ ಮೊದಲ ಅವಧಿಯಲ್ಲಿ ವಿಜ್ಞಾನ ಕಲಿಸುತ್ತದೆ. ತರಗತಿ ಆಗಸ್ಟ್‌ನಲ್ಲಿ ಶುರು ಎಂಬ ಲೆಕ್ಕದಲ್ಲಿ ಟ್ರಾನ್ಸ್‌ಕ್ರಿಪ್ಟ್, ವೀಸಾ ಓಡಾಟ ಶುರು ಮಾಡಿದವರಿಗೆ ಸಮಯ ಸಾಲುವುದಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಎಂಪಿಎ ಮತ್ತು ಪರಿಸರ ವಿಜ್ಞಾನದ ಎಂ.ಎಸ್. ಜೋಡಿ ಪದವಿ ಇದೆ. ಹೆಚ್ಚು ಕಾಲ ಬೇಕು, ಆದರೆ ಲ್ಯಾಬ್ ಬಿಡದವರಿಗೆ ಅದೇ ಮೇಲು. ನಾಲ್ಕು ವರ್ಷದ ಬಿ.ಇ. ಇರುವುದರಿಂದ ನಿಮಗೆ ತೊಡಕಿಲ್ಲ. ಮೂರು ವರ್ಷದ ಬಿ.ಎಸ್ಸಿ.ಯವರು ಅರ್ಜಿ ಶುಲ್ಕ ಕಟ್ಟುವ ಮೊದಲೇ ಇ-ಮೇಲ್‌ನಲ್ಲಿ ಕೇಳಿ ಖಚಿತಪಡಿಸಿಕೊಳ್ಳಲಿ. ಅಮೆರಿಕದಲ್ಲಿ ಓದಲು ಹಣದ ನೆರವು ಕೊಡುವ ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರ ಫೆಲೋಶಿಪ್‌ಗೆ ಕನಿಷ್ಠ ಮೂರು ವರ್ಷದ ಪೂರ್ಣಾವಧಿ ಕೆಲಸದ ಅನುಭವ ಬೇಕು.

ಪ್ರಶ್ನೆ: ಪ್ರಬಂಧಕ್ಕಾಗಿ ಕೊಳಚೆ ನೀರು ಶುದ್ಧೀಕರಣ ಘಟಕದ ಮಾಹಿತಿ ಕೇಳಿ ಆರ್‌ಟಿಐ ಹಾಕಿದ್ದೆ, ವಾಪಸ್ ಬಂತು. ಏನು ಮಾಡಲಿ?
– ಓದುಗರು, ಬಸವನಗುಡಿ

ಉತ್ತರ: ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಇರಬೇಕು. ಮೊದಲು ಅದನ್ನು ನೋಡಿಕೊಳ್ಳಿ. ‘ಏಕೆ ಶುದ್ಧೀಕರಿಸುತ್ತಿಲ್ಲ’ ಎಂದು ಕೇಳಬೇಡಿ, ಕಾಯ್ದೆಯಡಿ ಸಿಗುವುದು ದಾಖಲೆ. ‘ಇಂಥ ಘಟಕದಿಂದ ಹೊರಬಿಟ್ಟ ನೀರಿನ ಬಿಒಡಿ ಕುರಿತ ಮಾಸಿಕ ಪರೀಕ್ಷಾ ವರದಿಗಳು, ಏಪ್ರಿಲ್ 2023ರಿಂದ ಮಾರ್ಚ್ 2024, ದೃಢೀಕೃತ ಪ್ರತಿ’ ಎಂದು ಬರೆಯಿರಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಘಟಕ ಜಲಮಂಡಳಿಯದಾದರೆ ಅರ್ಜಿಯೂ ಅಲ್ಲಿಗೇ. ಕಚೇರಿ ತಪ್ಪಿದ್ದರೂ ಅವರು ಐದು ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು. 30 ದಿನ ಕಳೆದರೂ ಉತ್ತರ ಬರದಿದ್ದರೆ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಎಲ್ಲ ಸೇರಿ ಎರಡು ಮೂರು ತಿಂಗಳು ಹಿಡಿಯಬಹುದು. ಆದ್ದರಿಂದ ಮೂರನೇ ಸೆಮಿಸ್ಟರ್ ಶುರುವಿಗೇ ಅರ್ಜಿ ಹಾಕಿಬಿಡಿ.