ವಿಮಾನಯಾನ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಉಚ್ಚಾರಣೆ ಕಲಿಸುವಾಗ ಆನ್‌ಲೈನ್ ಅಭ್ಯಾಸವನ್ನೂ ತರಗತಿಯನ್ನೂ ಹೇಗೆ ಬೆರೆಸಬೇಕು?

ಮೊದಲು ಗುರಿ ಸ್ಪಷ್ಟವಿರಬೇಕು. ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳಿಗೂ ವಿಮಾನ ಸಂಚಾರ ನಿಯಂತ್ರಕರಿಗೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಸಿಎಒ) ಕನಿಷ್ಠ 4ನೇ ಹಂತದ ಭಾಷಾ ಸಾಮರ್ಥ್ಯವನ್ನು ನಿಗದಿಪಡಿಸಿದ್ದು, ಆ ಹಂತದಲ್ಲಿ ಮಾತೃಭಾಷೆಯ ಛಾಯೆ ಉಚ್ಚಾರಣೆಯಲ್ಲಿ ಉಳಿದಿರಬಹುದು; ಆದರೆ ಅದು ಸುಲಭವಾಗಿ ಅರ್ಥವಾಗುವುದಕ್ಕೆ ಕೆಲವೊಮ್ಮೆ ಮಾತ್ರ ಅಡ್ಡಿಯಾಗಬಹುದು. ಆದ್ದರಿಂದ ಬ್ರಿಟಿಷರಂತೆ ಮಾತನಾಡಿಸುವ ಹಟ, ನನ್ನ ದೃಷ್ಟಿಯಲ್ಲಿ, ಕಾಲಹರಣ.

ರೇಡಿಯೊದ ಗೊರಗೊರ ಸದ್ದಿನಲ್ಲಿ ಫೈವ್, ನೈನ್ ಒಂದೇ ಆಗಿ ಕೇಳಿಸಬಹುದಾದ್ದರಿಂದ ಅವನ್ನು ‘ಫೈಫ್’, ‘ನೈನರ್’ ಎನ್ನಬೇಕೆಂಬ ನಿಯಮವಿದೆ. ತ್ರೀ ಅಲ್ಲಿ ‘ಟ್ರೀ’ ಆಗುತ್ತದೆ. ಇಂಥ ಪದಗಳನ್ನು ವಿದ್ಯಾರ್ಥಿ ಮನೆಯಲ್ಲೇ ಮೊಬೈಲಿನಲ್ಲಿ ಕೇಳಿ, ತನ್ನ ದನಿಯನ್ನು ರೆಕಾರ್ಡ್ ಮಾಡಿ ಹೋಲಿಸಿಕೊಳ್ಳಲಿ. ನಾಚಿಕೆಯಿಲ್ಲದೆ ಹತ್ತು ಸಲ ತಪ್ಪು ಮಾಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ತರಗತಿಯ ಹೊತ್ತನ್ನು ರೀಡ್‌ಬ್ಯಾಕ್‌ಗೆ, ಅಂದರೆ ಕೇಳಿದ ಸೂಚನೆಯನ್ನು ಮರಳಿ ಹೇಳುವ ಅಭ್ಯಾಸಕ್ಕೆ, ಮೀಸಲಿಡಬೇಕು. ಇಬ್ಬರನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸಿ, ಎಂಜಿನ್ ಸದ್ದನ್ನು ಕೇಳಿಸುತ್ತ, ಒಬ್ಬರಿಂದ ‘ಹೋಲ್ಡ್ ಶಾರ್ಟ್ ಆಫ್ ರನ್‌ವೇ ಝೀರೊ ನೈನರ್’ (09 ರನ್‌ವೇಗೆ ಮೊದಲೇ ನಿಲ್ಲಿ) ಎನ್ನಿಸಿ, ಇನ್ನೊಬ್ಬರಿಂದ ಅದನ್ನು ಮರಳಿ ಹೇಳಿಸಿದರೆ ದೋಷಗಳು ತಾವಾಗಿಯೇ ಹೊರಬೀಳುತ್ತವೆ. ಕನ್ನಡದ ಮಕ್ಕಳಲ್ಲಿ ಕೆಲವರು ಹಕಾರ ನುಂಗಿ ‘ಓಲ್ಡ್’ ಎನ್ನುತ್ತಾರೆ, ‘ಏಟ್’ ಅನ್ನು ‘ಯೇಟ್’ ಮಾಡುತ್ತಾರೆ. ಶಿಕ್ಷಕರು ಅದನ್ನು ಗುರುತಿಸಿಟ್ಟು, ಮರುದಿನದ ಮನೆಯ ಅಭ್ಯಾಸಕ್ಕೆ ಅದೇ ಪದಗಳನ್ನು ಕೊಡಬೇಕು.