ಐದು ಲಕ್ಷದ ಸೀಕೋ ಮತ್ತು ಒಂದು ಗೀರು

ಓದುಗರ ಪತ್ರ: ಮಾನ್ಯ ಸಂಪಾದಕರೇ, ನಾನು ಶಿವಮೊಗ್ಗದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನನ್ನ ಅಳಿಯ ಟೋಕಿಯೋದಿಂದ ಬರುವಾಗ ಗ್ರ್ಯಾಂಡ್ ಸೀಕೋ ವಾಚ್ ಕೊಂಡು ತಂದಿದ್ದಾನೆ. ಹಿಮದಂಥ ಬಿಳಿ ಡಯಲ್, ನೀಲಿ ಸೆಕೆಂಡ್ ಮುಳ್ಳು. ಬೆಲೆ ಐದು ಲಕ್ಷದ ಹತ್ತಿರವಂತೆ! 'ಮಾವ, ಇದು ಪೂರ್ತಿ ಕೈಯಲ್ಲೇ ಮಾಡಿದ್ದು' ಅನ್ನುತ್ತಾನೆ. ಕೈಯಲ್ಲಿ ಮಾಡಿದರೆ ಮೆಷಿನ್‌ಗಿಂತ ಸರಿಯಾಗಿ ಟೈಮ್ ತೋರಿಸುತ್ತದೆಯೇ? ನನ್ನ ಎಚ್‌ಎಂಟಿ ಜನತಾ ಕೂಡ ಜಪಾನಿನವರ ಸಹಾಯದಿಂದಲೇ ಆದದ್ದು ಅಲ್ವಾ? ಅದಕ್ಕೆ ಇಂಥ ಬೆಲೆ ಇರಲಿಲ್ಲ. ಇನ್ನೊಂದು ವಿಷಯ. ಹೊಸ ವಾಚಿಗೆ ಬಾಗಿಲ ಚಿಲಕ ತಗುಲಿ ಬದಿಯಲ್ಲಿ ಗೀರು ಬಿದ್ದಿದೆ. ಇಲ್ಲಿ ಗೊತ್ತಿರುವ ಅಂಗಡಿಯಲ್ಲಿ ಪಾಲಿಶ್ ಮಾಡಿಸಲೇ?

ಸಂಪಾದಕರ ಉತ್ತರ: ಮೇಷ್ಟ್ರೇ, ನಮಸ್ಕಾರ.

ಕೊನೆಯ ಪ್ರಶ್ನೆಗೆ ಮೊದಲು ಅವಸರದ ಉತ್ತರ: ಸದ್ಯಕ್ಕೆ ಆ ವಾಚನ್ನು ಯಾವ ಅಂಗಡಿಗೂ ಕೊಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಮ್ಮ ಅಳಿಯನ ಮಾತು ಅರ್ಧ ನಿಜ. ಅದರೊಳಗಿನ ಹಲ್ಲುಗಾಲಿಗಳನ್ನು ಕತ್ತರಿಸಿದ್ದು ಮೆಷಿನ್. ಮುಳ್ಳುಗಳ ಮೇಲಿನ ಹೊಳೆಯುವ ಮುಖಗಳನ್ನು ಕೊರೆದದ್ದು ವಜ್ರದ ಮೊನೆ ಇರುವ ಮೆಷಿನ್. ಹಿಂದಿನ ಗಾಜಿನಲ್ಲಿ ಕಾಣುವ ಸಾಲು ಸಾಲು ಗೆರೆಗಳೂ ಮೆಷಿನ್‌ನವೇ. ಆ ಬಿಳಿ ಡಯಲ್ ಕೂಡ ಅಚ್ಚಿನಲ್ಲಿ ಒತ್ತಿ, ಮೇಲೆ ಬೆಳ್ಳಿಯ ಲೇಪ ಕೊಟ್ಟು ಮಾಡಿದ್ದು. ಅದರಲ್ಲಿ ಬಿಳಿ ಬಣ್ಣವನ್ನೇ ಬಳಿದಿಲ್ಲ ಅಂದರೆ ನಂಬುವುದು ಕಷ್ಟ, ಆದರೆ ನಿಜ. ಹೊಟಕಾ ಬೆಟ್ಟಗಳ ಹಿಮ ನೋಡಿ ಮಾಡಿದ ವಿನ್ಯಾಸ ಅದು. ಅಭಿಮಾನಿಗಳು 'ಸ್ನೋಫ್ಲೇಕ್' ಅಂತ ಕರೆಯುವ ಈ ಮಾದರಿ 2010ರಲ್ಲಿ ಬಂತು. ನಿಮ್ಮ ವರ್ಣನೆ ನೋಡಿದರೆ ಅಳಿಯ ತಂದಿರುವುದು ಅದನ್ನೇ ಇರಬೇಕು.

ಇನ್ನು ಟೈಮ್ ವಿಷಯ. ಸರಿಯಾದ ಟೈಮ್ ಒಂದೇ ಬೇಕಿದ್ದರೆ ಐದು ಲಕ್ಷ ಬೇಡ, ಐನೂರು ರೂಪಾಯಿಯ ಬ್ಯಾಟರಿ ವಾಚ್ ಸಾಕು. ಆ ಪರಿಸ್ಥಿತಿ ತಂದಿಟ್ಟದ್ದೂ ಸೀಕೋನೇ. 1969ರ ಡಿಸೆಂಬರ್ 25ರಂದು ಅವರು ಆಸ್ಟ್ರಾನ್ ಎಂಬ ಮೊದಲ ಕ್ವಾರ್ಟ್ಜ್ (ಬ್ಯಾಟರಿಯಿಂದ ಮಿಡಿಯುವ ಹರಳು ಟೈಮ್ ಕಾಯುವ) ಕೈಗಡಿಯಾರ ಮಾರಾಟಕ್ಕೆ ಇಟ್ಟರು. ಚಿನ್ನದ ಕೇಸು (ವಾಚಿನ ಹೊರಕವಚ), ಬೆಲೆ 4,50,000 ಯೆನ್. ಕ್ವಾರ್ಟ್ಜ್ ಅಗ್ಗವಾದದ್ದು ಆಮೇಲೆ. ಸ್ನೋಫ್ಲೇಕಿನ ಒಳಗಿರುವುದು ಸ್ಪ್ರಿಂಗ್ ಡ್ರೈವ್ ಎಂಬ ಬೇರೆಯೇ ಜಾತಿಯ ಯಂತ್ರ. ಓಡುವ ಶಕ್ತಿ ಬರುವುದು ಕೀ ಕೊಡುವ ವಾಚಿನ ಹಾಗೆ ಸುತ್ತಿದ ಸ್ಪ್ರಿಂಗಿನಿಂದ. ಆದರೆ ಕೊನೆಯಲ್ಲಿ ಸೆಕೆಂಡಿಗೆ 8 ಸುತ್ತು ತಿರುಗುವ ಒಂದು ಚಕ್ರ ಇದೆ. ಅದು ತಿರುಗುತ್ತಾ ಚೂರು ವಿದ್ಯುತ್ತನ್ನು ತಾನೇ ಹುಟ್ಟಿಸುತ್ತದೆ. ಆ ವಿದ್ಯುತ್ತಿನಲ್ಲಿ ಒಂದು ಕ್ವಾರ್ಟ್ಜ್ ಹರಳು ಮಿಡಿಯುತ್ತದೆ. ಚಕ್ರದ ವೇಗ ಹೆಚ್ಚಾದರೆ ಅಯಸ್ಕಾಂತದ ಬ್ರೇಕ್ ಬೀಳುತ್ತದೆ. ಬ್ಯಾಟರಿ ಇಲ್ಲ. ತಿಂಗಳಿಗೆ 15 ಸೆಕೆಂಡ್ ಆಚೀಚೆ, ಅಷ್ಟೇ. ಸೆಕೆಂಡ್ ಮುಳ್ಳು ಟಿಕ್ ಟಿಕ್ ಅನ್ನದೆ ಸುಮ್ನೆ ಜಾರುತ್ತಾ ಹೋಗುವುದೂ ಇದರಿಂದಲೇ. ಅಕಹಾನೆ ಯೋಶಿಕಾಜು ಎಂಬ ಎಂಜಿನಿಯರ್ ಇದರ ಯೋಚನೆ ಮಾಡಿದ್ದು 1977ರಲ್ಲಿ, ಅಂಗಡಿಗೆ ಬಂದದ್ದು 1999ರಲ್ಲಿ. ಇಲ್ಲಿ ಟೈಮ್ ಕಾಯುವುದು ಹರಳು ಮತ್ತು ಬ್ರೇಕು, ಯಾರ ಕೈಯೂ ಅಲ್ಲ.

ಒಂದು ಅಪವಾದ ಹೇಳಲೇಬೇಕು. ಇದೇ ಕಂಪನಿಯ ಅಪ್ಪಟ ಮೆಕ್ಯಾನಿಕಲ್ ವಾಚುಗಳು ಇವಾತೆ ಪ್ರಾಂತ್ಯದ ಶಿಜುಕುಯಿಶಿಯಲ್ಲಿ ತಯಾರಾಗುತ್ತವೆ. ಅಲ್ಲಿ ವಾಚಿನ ಲಯ ಹಿಡಿಯುವ ಕೂದಲಿನಂಥ ಹೇರ್‌ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಎಲ್ಲೋ ಒಂದು ಕಡೆ ಅಷ್ಟೇ ಅಷ್ಟು ಬಗ್ಗಿಸಿ ಸರಿಮಾಡುವುದು ಈಗಲೂ ಮನುಷ್ಯರೇ. ಆಮೇಲೆ 17 ದಿನ ಪರೀಕ್ಷೆ. ಆರು ಭಂಗಿ, ಮೂರು ಬಗೆಯ ಉಷ್ಣತೆ. ದಿನಕ್ಕೆ 3 ಸೆಕೆಂಡ್ ಹಿಂದೆ, 5 ಸೆಕೆಂಡ್ ಮುಂದೆ, ಇದರೊಳಗೆ ಇದ್ದರೆ ಪಾಸು. ಇಂಥಲ್ಲಿ ಮಾತ್ರ 'ಕೈ ಇದ್ದರೆ ಟೈಮ್ ಸರಿ' ಎಂಬ ನಿಮ್ಮ ಪ್ರಶ್ನೆಗೆ ಹೌದು ಅನ್ನಬಹುದು.

ಹಾಗಾದರೆ ನಿಮ್ಮ ಅಳಿಯನ ವಾಚಿನಲ್ಲಿ ಕೈ ಎಲ್ಲಿದೆ? ಕೇಸಿನಲ್ಲಿ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲ ಗ್ರ್ಯಾಂಡ್ ಸೀಕೋ ಬಂದದ್ದು 1960ರಲ್ಲಿ. ಓಟದಲ್ಲಿ ಏನೂ ಕೊರತೆ ಇರಲಿಲ್ಲ. ನೋಟದಲ್ಲಿ ಇತ್ತು. ತನಕಾ ತಾರೋ ಎಂಬ ಯುವ ವಿನ್ಯಾಸಕ ಟೋಕಿಯೋದ ಗಿಂಜಾದಲ್ಲಿರುವ ವಾಕೋ ಮಳಿಗೆಗೆ ಹೋದಾಗ ಒಂದು ವಿಷಯ ಗಮನಿಸಿದರಂತೆ. ಪಕ್ಕದಲ್ಲಿಟ್ಟ ಸ್ವಿಸ್ ವಾಚುಗಳು ಥಳಥಳ ಅನ್ನುತ್ತಿದ್ದವು, ತಮ್ಮವು ಮಂಕಾಗಿ ಕೂತಿದ್ದವು. ಆಮೇಲೆ ಅವರು ಕೆಲವು ನಿಯಮ ಹಾಕಿದರು. ಕೇಸಿನ ಮುಖಗಳು ಆದಷ್ಟೂ ಚಪ್ಪಟೆ ಇರಬೇಕು. ಕನ್ನಡಿ ಹೊಳಪಿನಲ್ಲಿ ಪ್ರತಿಬಿಂಬ ಡೊಂಕಾಗಬಾರದು. ಒಂದು ಮುಖ ಮುಗಿದು ಇನ್ನೊಂದು ಶುರುವಾಗುವ ಕಡೆ ಅಂಚು ಗೆರೆ ಎಳೆದ ಹಾಗೆ ಇರಬೇಕು. 1967ರ 44ಜಿಎಸ್ ಮಾದರಿಯಲ್ಲಿ ಇದೆಲ್ಲ ಪೂರ್ತಿ ರೂಪಕ್ಕೆ ಬಂತು. ಇವತ್ತಿಗೂ ಆ ಕಂಪನಿ ಅದನ್ನೇ ತಿರುತಿರುಗಿ ಮಾಡುತ್ತಿದೆ. ನನಗೆ ಕೇಳಿದರೆ, ಸ್ವಲ್ಪ ಜಾಸ್ತಿಯೇ ಮಾಡುತ್ತಿದೆ.

ಬರೆಯುವುದು ಸುಲಭ, ಉಕ್ಕಿನಲ್ಲಿ ಚಪ್ಪಟೆ ಮುಖ ಮಾಡುವುದು ಸುಲಭವಲ್ಲ. ಸಾಮಾನ್ಯ ಪಾಲಿಶ್ ನೀವು ನೋಡಿರುತ್ತೀರಿ. ಬಟ್ಟೆಯ ಚಕ್ರ ಗಿರ್ರನೆ ತಿರುಗುತ್ತದೆ, ಅದಕ್ಕೆ ಮೇಣದಂಥ ಪಾಲಿಶ್ ಹಚ್ಚಿ ವಾಚನ್ನು ಒತ್ತುತ್ತಾರೆ. ಬಟ್ಟೆ ಮೆತ್ತಗೆ. ಮುಖದ ಮಧ್ಯಕ್ಕಿಂತ ಅಂಚಿನ ಮೇಲೆ ಜಾಸ್ತಿ ಬಗ್ಗುತ್ತದೆ. ಹೊಳಪೇನೋ ಬರುತ್ತದೆ, ಅಂಚು ಮಾತ್ರ ಬಳಸಿದ ಸೋಪಿನ ಹಾಗೆ ದುಂಡಗಾಗುತ್ತದೆ.

ಗ್ರ್ಯಾಂಡ್ ಸೀಕೋದವರು ಇದಕ್ಕೆ ಮೊದಲು ಇನ್ನೊಂದು ಹಂತ ಇಟ್ಟಿದ್ದಾರೆ. ಹೆಸರು ಜರಾತ್ಸು. ಯುರೋಪಿನ ಸಲ್ಲಾಜ್ ಸಹೋದರರ ಕಂಪನಿಯ ಮೆಷಿನ್‌ನಿಂದ ಬಂದ ಹೆಸರು. ಇಲ್ಲಿ ತಿರುಗುವುದು ತವರದ ಗಟ್ಟಿ ತಟ್ಟೆ. ಕೆಲಸಕ್ಕೆ ಬರುವುದು ತಟ್ಟೆಯ ಅಂಚಲ್ಲ, ಅದರ ಚಪ್ಪಟೆ ಮುಖ. ಕೆಲಸಗಾರ ಕೇಸನ್ನು ಬೆರಳುಗಳಲ್ಲಿ ಹಿಡಿದು ಆ ಮುಖಕ್ಕೆ ತಾಗಿಸುತ್ತಾನೆ. ಕೋನ ಎಷ್ಟು, ಒತ್ತಡ ಎಷ್ಟು, ಎಷ್ಟು ಹೊತ್ತು, ಎಲ್ಲ ಬೆರಳಿಗೆ ಬಿಟ್ಟದ್ದು. ಒಂದು ಕ್ಷಣ ಹೆಚ್ಚಾಗಿ ಒತ್ತಿದರೆ ಅಲ್ಲಿ ಕಣ್ಣಿಗೆ ಕಾಣದ ಹಳ್ಳ. ಹೊಳಪು ಬಂದ ಮೇಲೆ ಆ ಹಳ್ಳ ಪ್ರತಿಬಿಂಬದಲ್ಲಿ ಅಲೆಯಾಗಿ ಕಾಣುತ್ತದೆ. ಒಂದು ಮುಖ ಸರಿಯಾಗಿ ಪಕ್ಕದ ಮುಖ ಒಂದು ಕೂದಲಷ್ಟು ಹೆಚ್ಚು ಸವೆದರೆ ಮಧ್ಯದ ಅಂಚು ಸೊಟ್ಟಗಾಗುತ್ತದೆ. ತೆಗೆದ ಲೋಹವನ್ನು ವಾಪಸ್ ಹಾಕಲು ಬರುವುದಿಲ್ಲ. ಸ್ನೋಫ್ಲೇಕಿನ ಕೇಸು ಟೈಟಾನಿಯಂ ಬೇರೆ. ಅದು ಸ್ಟೀಲಿನಷ್ಟು ಸಲೀಸಾಗಿ ಹೊಳಪಿಗೆ ಬಗ್ಗುವುದಿಲ್ಲ.

ಬಹಳ ಜನ ಜರಾತ್ಸುವನ್ನೇ ಹೊಳಪು ಅಂದುಕೊಂಡಿದ್ದಾರೆ. ಹೊಳಪು ಕೊನೆಗೆ ಬಟ್ಟೆಯ ಚಕ್ರದಲ್ಲಿ ಹಗುರವಾಗಿ ಉಜ್ಜಿದಾಗ ಬರುವುದು. ಜರಾತ್ಸು ಅದಕ್ಕೆ ಮುಂಚೆ ನೆಲ ಸಮ ಮಾಡುವ ಕೆಲಸ. ಇನ್ನೂ ಒಂದು ಭ್ರಮೆ ಇದೆ, ಇದು ಇವರೊಬ್ಬರಿಗೇ ಗೊತ್ತಿರುವ ರಹಸ್ಯ ಅಂತ. ಹಾಗೇನಿಲ್ಲ. ಕ್ಯಾಸಿಯೋದವರು ಯಮಗಾತಾದಲ್ಲಿ ಮಾಡುವ ಎಂಆರ್-ಜಿ ಎಂಬ ದುಬಾರಿ ಜಿ-ಶಾಕ್ ವಾಚುಗಳಿಗೂ ಇದೇ ಪಾಲಿಶ್ ಬಳಸುತ್ತಾರೆ.

ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ವಾಚ್ ಹಿಡಿದು, ಪಟ್ಟಿ ಸೇರುವ ಕಡೆಯ ಹೊಳೆಯುವ ಮುಖದಲ್ಲಿ ಟ್ಯೂಬಿನ ಪ್ರತಿಬಿಂಬ ಹುಡುಕಿ. ನೇರ ಗೆರೆ ಕೊನೆವರೆಗೂ ನೇರವಾಗಿಯೇ ಹೋಗಬೇಕು, ತುದಿಗೆ ಬಂದಾಗ ಬಾಗಬಾರದು. ಸ್ವಲ್ಪ ವಾಲಿಸಿದರೆ ಇಡೀ ಮುಖ ಒಂದೇ ಸಲ ಕಪ್ಪಾಗುತ್ತದೆ. ಬೇರೆ ಯಾವುದಾದರೂ ಹೊಳೆಯುವ ವಾಚ್ ಇದ್ದರೆ ಪಕ್ಕದಲ್ಲಿ ಇಟ್ಟು ನೋಡಿ. ಹೊಳಪು ಎರಡರಲ್ಲೂ ಇರುತ್ತದೆ. ಅಂಚು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ನಿಮ್ಮ ಅಳಿಯ ದುಡ್ಡು ಕೊಟ್ಟದ್ದು ಆ ಅಂಚಿಗೆ.

ನೀಲಿ ಮುಳ್ಳಿನ ಬಗ್ಗೆ ಎರಡು ಮಾತು. ಅದು ಬಣ್ಣವಲ್ಲ, ಕಾಯಿಸಿದ ಉಕ್ಕು. ಬಿಸಿ ಏರಿದ ಹಾಗೆ ಉಕ್ಕಿನ ಮೇಲೆ ತೆಳು ಪೊರೆ ಕಟ್ಟುತ್ತದೆ. ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿಯ ಹತ್ತಿರ ನೀಲಿ. ಇನ್ನೂ ಬಿಟ್ಟರೆ ಬಣ್ಣ ಕೆಟ್ಟು ಬೂದು ಬಣ್ಣಕ್ಕೆ ತಿರುಗುತ್ತದೆ.

ಈಗ ನಿಮ್ಮ ಜನತಾ. ನೀವು ಹೇಳಿದ್ದು ಸರಿ, ಆದರೆ ಆ ಜಪಾನಿನವರು ಸೀಕೋ ಅಲ್ಲ, ಸಿಟಿಜನ್. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ವಾಚ್ ತಯಾರಿ ಶುರುವಾದದ್ದು ಸಿಟಿಜನ್ ಸಹಯೋಗದಲ್ಲಿ. ಗುರಿಯೇ ಬೇರೆ ಇತ್ತು. ಮೇಷ್ಟ್ರು, ಗುಮಾಸ್ತರು, ರೈತರು ಕೊಳ್ಳುವ ಹಾಗೆ ಗಟ್ಟಿಮುಟ್ಟಾದ ಕೀ ಕೊಡುವ ವಾಚ್, ಕೆಟ್ಟರೆ ಯಾವ ಊರಿನಲ್ಲಾದರೂ ರಿಪೇರಿ ಆಗಬೇಕು. ಅದನ್ನು ಚೆನ್ನಾಗಿಯೇ ಮಾಡಿದರು. ಅದರ ಅಂಚು ನೋಡಲು ಹೋಗಬೇಡಿ, ಅದನ್ನು ಅದಕ್ಕೆ ಮಾಡಿದ್ದಲ್ಲ. ಹಾಂ, ಅದರ ಗಾಜು ನಿಜವಾಗಿ ಪ್ಲಾಸ್ಟಿಕ್. ಮೇಲಿನ ಸಣ್ಣ ಗೀರುಗಳು ಚೂರು ಟೂತ್‌ಪೇಸ್ಟ್ ಹಾಕಿ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತವೆ. ಅಳಿಯನ ವಾಚಿನ ಮೇಲೆ ಈ ಪ್ರಯೋಗ ಬೇಡ! ಆ ಸಿಟಿಜನ್ ಕಂಪನಿಯೇ 2019ರಲ್ಲಿ ವರ್ಷಕ್ಕೆ 1 ಸೆಕೆಂಡ್ ಮಾತ್ರ ಆಚೀಚೆ ಆಗುವ ಕೈಗಡಿಯಾರ ತಂದಿತು. ಕೆಲವು ದುಬಾರಿ ಮಾದರಿಗಳಿಗೆ ಜಪಾನಿನ ತೋಸಾ ಪ್ರದೇಶದ ಕಾಗದದ ಡಯಲ್ ಹಾಕುತ್ತದೆ.

'ಪೂರ್ತಿ ಕೈಯಲ್ಲೇ' ಅನ್ನುವುದಕ್ಕೆ ಹತ್ತಿರದ ವಾಚುಗಳೂ ಜಪಾನಿನಲ್ಲಿ ಇವೆ. ಅವು ಬೇರೆ ಲೋಕ, ಬೆಲೆಯೂ ಬೇರೆ.

ನಾಗಾನೊ ಪ್ರಾಂತ್ಯದ ಶಿಯೋಜಿರಿಯಲ್ಲಿ ಸೀಕೋ ಎಪ್ಸನ್‌ನ ಮೈಕ್ರೋ ಆರ್ಟಿಸ್ಟ್ ಸ್ಟುಡಿಯೋ ಇದೆ. 2000ದಲ್ಲಿ ಶುರುವಾದ ಪುಟ್ಟ ತಂಡ. ಕ್ರೆಡೋರ್ ಎಂಬ ಹೆಸರಿನಲ್ಲಿ ಬರುವ ಏಚಿ ವಾಚುಗಳು ಅಲ್ಲಿಯವು. 2014ರ ಏಚಿ 2 ನೋಡಿದರೆ ಏನೂ ಇಲ್ಲ ಅನಿಸುತ್ತದೆ. ಪಿಂಗಾಣಿಯ ಬಿಳಿ ಡಯಲ್, ಅದರ ಮೇಲೆ ಕುಂಚದಲ್ಲಿ ಕೈಯಾರೆ ಬರೆದ ಗುರುತುಗಳು, ನೀಲಿ ಮುಳ್ಳುಗಳು. ತಿರುಗಿಸಿದರೆ ಕೆಲಸ ಕಾಣುತ್ತದೆ. ಒಳಗಿನ ಲೋಹದ ತುಂಡುಗಳ ಅಂಚನ್ನೆಲ್ಲ ಓರೆಯಾಗಿ ಉಜ್ಜಿ ಕನ್ನಡಿ ಮಾಡಿದ್ದಾರೆ. ಎರಡು ಓರೆ ಅಂಚುಗಳು ಒಳಮುಖವಾಗಿ ಸೇರುವ ಮೂಲೆ ನೋಡಿ. ಅಲ್ಲಿ ಮೆಷಿನ್ ಸೋಲುತ್ತದೆ. ತಿರುಗುವ ಉಪಕರಣ ಗುಂಡಗಿರುತ್ತದೆ, ಹಾಗಾಗಿ ಮೂಲೆಯನ್ನೂ ಗುಂಡಗೆ ಬಿಡುತ್ತದೆ. ಚೂಪಾದ ಒಳಮೂಲೆ ಬೇಕೆಂದರೆ ಅರ ಹಿಡಿದು, ಆಮೇಲೆ ಸಣ್ಣ ಕಡ್ಡಿಯಲ್ಲಿ ಉಜ್ಜಬೇಕು. ಗೊತ್ತಿರುವವರು ಭೂತಗನ್ನಡಿ ಹಿಡಿದು ಮೊದಲು ನೋಡುವುದೇ ಅಲ್ಲಿ. ಈ ತಂಡ ಇದನ್ನು ಕಲಿಯಲು ಸ್ವಿಟ್ಜರ್ಲೆಂಡಿನ ವಾಚ್ ತಯಾರಕ ಫಿಲಿಪ್ ಡುಫೂರ್ ಅವರ ಸಲಹೆ ಕೇಳಿತು. ಜೆಂಟಿಯನ್ ಗಿಡದ ಒಣ ಕಾಂಡಕ್ಕೆ ಪಾಲಿಶ್ ಪುಡಿ ಹಚ್ಚಿ ಉಜ್ಜುವ ಹಳೆಯ ಪದ್ಧತಿ ಅವರಿಂದ ಬಂತು. ಕಾಂಡ ಮೆತ್ತಗಿರುವುದರಿಂದ ಓರೆಯ ಆಕಾರ ಹಿಡಿಯುತ್ತದೆ. ಡುಫೂರ್ ತಮ್ಮ ಗುಟ್ಟು ಬಿಟ್ಟುಕೊಟ್ಟರಲ್ಲ ಅಂತ ಆಶ್ಚರ್ಯಪಡಬೇಡಿ, ಅವರ ವಾಚುಗಳನ್ನು ಮುಗಿಬಿದ್ದು ಕೊಂಡವರಲ್ಲೂ ಜಪಾನಿಯರೇ ಬಹಳ.

ಆದರೆ ನನ್ನ ಮನಸ್ಸು ಹೋಗುವುದು ಒಬ್ಬರೋ ಇಬ್ಬರೋ ಕೂತು ಮಾಡುವವರ ಕಡೆಗೆ. ಕಿಕುಚಿ ನಾಕಾಗಾವಾ ಎಂಬ ಜೋಡಿ ಮುಳ್ಳುಗಳಿಗೆ ಕೊಡುವ ಕಪ್ಪು ಕನ್ನಡಿಯಂಥ ಹೊಳಪಿಗೆ ಹೆಸರುವಾಸಿ. ಕಿಕುನೊ ಮಸಾಹಿರೋ ಇನ್ನೂ ಸೋಜಿಗದ ಮನುಷ್ಯ. ಜಪಾನಿನಲ್ಲಿ 1873ಕ್ಕೆ ಮೊದಲು ಗಂಟೆಗಳು ಒಂದೇ ಉದ್ದ ಇರಲಿಲ್ಲ. ಹಗಲಿಗೆ ಆರು ಪಾಲು, ರಾತ್ರಿಗೆ ಆರು ಪಾಲು. ಬೇಸಿಗೆಯಲ್ಲಿ ಹಗಲಿನ ಪಾಲು ಉದ್ದ, ಚಳಿಗಾಲದಲ್ಲಿ ಗಿಡ್ಡ. 1851ರಲ್ಲಿ ತನಕಾ ಹಿಸಾಶಿಗೆ ಎಂಬ ಕುಶಲಕರ್ಮಿ ಈ ಲೆಕ್ಕವನ್ನು ತಾನೇ ಹೊಂದಿಸಿಕೊಳ್ಳುವ ದೊಡ್ಡ ಗಡಿಯಾರ ಮಾಡಿದ್ದರು. ಅವರು ಕಟ್ಟಿದ ಕಾರ್ಖಾನೆಯೇ ಮುಂದೆ ತೋಶಿಬಾ ಆಯಿತು. ಕಿಕುನೊ ಅದೇ ಯಂತ್ರವನ್ನು ಮಣಿಕಟ್ಟಿನ ಗಾತ್ರಕ್ಕೆ ಇಳಿಸಿದರು. ಋತು ಬದಲಾದ ಹಾಗೆ ಡಯಲಿನ ಮೇಲಿನ ಗುರುತುಗಳೇ ಹತ್ತಿರ, ದೂರ ಸರಿಯುತ್ತವೆ. ಇಂಥ ವಾಚುಗಳನ್ನು ಅವರು ಮಾಡುವುದು ವರ್ಷಕ್ಕೆ ಬೆರಳೆಣಿಕೆ ಮಾತ್ರ. ಕೈಕೆಲಸ ಅಂತ ಕಣ್ಣುಮುಚ್ಚಿ ಹೇಳಬಹುದಾದರೆ ಇದಕ್ಕೆ ಹೇಳಬಹುದು.

ಹಾಗಾದರೆ ಅಳಿಯ ಮೋಸ ಹೋದನೇ? ಇಲ್ಲ ಮೇಷ್ಟ್ರೇ. ಮೆಷಿನ್ ಚೆನ್ನಾಗಿ ಮಾಡುವುದನ್ನು ಮೆಷಿನ್‌ಗೆ ಬಿಟ್ಟು, ಅದಕ್ಕೆ ಆಗದ ಕಡೆ ಕೈ ಇಟ್ಟಿದ್ದಾರೆ. ಅದು ನನಗೆ ಪ್ರಾಮಾಣಿಕವಾಗಿಯೇ ಕಾಣುತ್ತದೆ. ಐದು ಲಕ್ಷ ಅದಕ್ಕೆ ಸರಿಯಾದ ಬೆಲೆಯೇ ಅನ್ನುವುದನ್ನು ದುಡಿದವನೇ ಹೇಳಬೇಕು. ನಾನಂತೂ ಕೊಡಲಾರೆ, ಸಂಪಾದಕರ ಸಂಬಳ ನಿಮಗೂ ಗೊತ್ತು.

ಕೊನೆಗೆ ಗೀರಿನ ವಿಷಯ. ನಿಮ್ಮ ಪರಿಚಯದ ಅಂಗಡಿಯವರು ಒಳ್ಳೆಯ ಕೆಲಸಗಾರರೇ ಇರಬಹುದು. ಆದರೆ ಅವರ ಬಳಿ ಇರುವುದು ಬಟ್ಟೆಯ ಚಕ್ರ. ಗೀರು ಹೋಗಬೇಕಾದರೆ ಗೀರಿನ ಆಳದಷ್ಟು ಲೋಹ ಸುತ್ತಲೂ ಹೋಗಬೇಕು. ಎರಡು ನಿಮಿಷದಲ್ಲಿ ಗೀರೂ ಹೋಗುತ್ತದೆ, ಅಂಚೂ ಹೋಗುತ್ತದೆ. ಮುಂದೆ ಮಾರಲು ಹೋದರೆ ತಿಳಿದವರು ಗೀರನ್ನು ಕ್ಷಮಿಸುತ್ತಾರೆ, ದುಂಡಗಾದ ಅಂಚನ್ನು ಕ್ಷಮಿಸುವುದಿಲ್ಲ. ಗೀರು ಬಿದ್ದದ್ದು ಹೊಳೆಯುವ ಮುಖದಲ್ಲೋ, ಸಣ್ಣ ಗೆರೆಗಳಿರುವ ಮಂಕು ಮುಖದಲ್ಲೋ ನೋಡಿ. ಮಂಕು ಮುಖವಾದರೆ ದಿನ ಕಳೆದಂತೆ ಬೇರೆ ಗೀರುಗಳ ಜೊತೆ ಸೇರಿಹೋಗುತ್ತದೆ. ಹೊಳೆಯುವ ಮುಖವಾದರೆ, ಮತ್ತು ಅಳಿಯನಿಗೆ ಸಹಿಸಲು ಆಗದೇ ಇದ್ದರೆ, ಕಂಪನಿಯ ಸರ್ವೀಸ್ ಕೇಂದ್ರದಲ್ಲಿ ಮಾತ್ರ ಕೇಳಲಿ. ಕೆಲಸ ಎಲ್ಲಿ, ಯಾವ ರೀತಿ ಮಾಡುತ್ತಾರೆ ಅಂತ ಮೊದಲೇ ವಿಚಾರಿಸಲಿ. ಅಲ್ಲೂ ಪದೇ ಪದೇ ಮಾಡಿಸುವ ಕೆಲಸ ಅದಲ್ಲ. ಮುಂದೆ ಎಣ್ಣೆ ಹಾಕಿಸಲು ಅಥವಾ ರಿಪೇರಿಗೆ ಕೊಟ್ಟಾಗಲೂ ಒಂದು ಎಚ್ಚರ ಇರಲಿ. ಕೇಳದೇ ಇದ್ದರೂ ಪಾಲಿಶ್ ಮಾಡಿ ಕೊಡುವುದು ಕೆಲವು ಕಡೆ ರೂಢಿ. ಚೀಟಿಯಲ್ಲಿ 'ಪಾಲಿಶ್ ಬೇಡ' ಅಂತ ಬರೆಸಿ, ಸಹಿ ಹಾಕಿಸಿಕೊಂಡೇ ಬರಲಿ.