ಸಂಪಾದಕರ ಉತ್ತರ: ಮೂರು ಡಾಲರಿನ ಲೆಕ್ಕ

ದಾವಣಗೆರೆಯ ಹಿರಿಯ ಓದುಗರೊಬ್ಬರಿಗೆ ಬೇಸರವಾಗಿದೆ. ಅಮೆರಿಕದ ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರಿಗೆ ಕಡಿಮೆ ಸಂಬಳ ಕೊಟ್ಟರೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. 'ಗುಲಾಮಗಿರಿಯನ್ನೇ ತೊಲಗಿಸಿದ ಲಿಂಕನ್ ವಿಷಯದಲ್ಲಿ ಮೊಸರಲ್ಲಿ ಕಲ್ಲು ಹುಡುಕಬೇಕೆ? ಸ್ವಾತಂತ್ರ್ಯದ ಮುಂದೆ ಮೂರು ಡಾಲರು ಯಾವ ಲೆಕ್ಕ?' ಎಂದು ಕೇಳಿದ್ದಾರೆ.

ಲಿಂಕನ್ ದೊಡ್ಡವರು, ಒಪ್ಪಿದೆ. 1863ರ ಜನವರಿ 1ರಂದು ಅವರು ಹೊರಡಿಸಿದ ಗುಲಾಮರ ಬಿಡುಗಡೆಯ ಘೋಷಣೆ ಕಪ್ಪು ಜನರಿಗೆ ಸೇನೆಯ ಬಾಗಿಲು ತೆರೆಯಿತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಮಂದಿ ಸೇರಿದ್ದರು. ಆದರೆ ಆ ಘೋಷಣೆಯನ್ನು ಒಮ್ಮೆ ಓದಿ ನೋಡಿ ಸ್ವಾಮಿ. ಅದು ಬಿಡುಗಡೆ ಸಾರಿದ್ದು ಬಂಡೆದ್ದ ದಕ್ಷಿಣದ ರಾಜ್ಯಗಳಲ್ಲಿ. ಒಕ್ಕೂಟದಲ್ಲೇ ಉಳಿದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್‌ಗಳ ಗುಲಾಮರು ಗುಲಾಮರಾಗಿಯೇ ಉಳಿದರು.

ಇನ್ನು ಸಂಬಳ. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರು, ಬಟ್ಟೆಗೆ ಬೇರೆ ಮೂರೂವರೆ. ಕಪ್ಪು ಸಿಪಾಯಿಗೆ 10. ಬಟ್ಟೆಯ ಬಾಬ್ತು 3 ಅದರಲ್ಲೇ ಮುರಿದು ಕೈಗೆ 7. ಸಾರ್ಜೆಂಟ್ ಆದರೂ ಅಷ್ಟೇ. ಕೂಡಿ ಕಳೆದು ನೋಡಿ, ನಿಮ್ಮ ಮೂರು ಡಾಲರು ಆರೂವರೆಯಾಗುತ್ತದೆ. 1862ರ ಮಿಲಿಷಿಯಾ ಕಾಯ್ದೆ ಕಂದಕ ತೋಡುವ ಕೂಲಿಯವರನ್ನು ಮನಸ್ಸಿನಲ್ಲಿಟ್ಟು ಬರೆದ ದರವನ್ನು ಯುದ್ಧ ಇಲಾಖೆಯವರು ಬಂದೂಕು ಹಿಡಿದವರಿಗೂ ಹಚ್ಚಿದರು.

ಮ್ಯಾಸಚೂಸೆಟ್ಸ್ ರಾಜ್ಯದ ಕಪ್ಪು ಸೈನಿಕರ 54ನೇ ಪಡೆಯನ್ನು ಸಮಾನ ಸಂಬಳದ ಮಾತು ಕೊಟ್ಟೇ ಸೇರಿಸಿಕೊಂಡಿದ್ದರು. 1863ರ ಜುಲೈ 18ರಂದು ದಕ್ಷಿಣದವರ ವಾಗ್ನರ್ ಕೋಟೆಯ ಮೇಲೇರಿ ಹೋದ ಸುಮಾರು 600 ಜನರಲ್ಲಿ 270ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು, ಇಲ್ಲವೇ ಕಾಣೆಯಾದರು. ಉಳಿದವರು ಕಡಿಮೆ ಸಂಬಳ ಮುಟ್ಟಲಿಲ್ಲ. ಕೊರತೆಯನ್ನು ತಾನೇ ತುಂಬುತ್ತೇನೆಂದು ರಾಜ್ಯ ಸರ್ಕಾರ ಮುಂದೆ ಬಂದಾಗಲೂ ಬೇಡವೆಂದರು. ಹೀಗೆ ಹದಿನೆಂಟು ತಿಂಗಳು; ಮನೆಯಲ್ಲಿ ಹೆಂಡತಿ ಮಕ್ಕಳು ಕಾಸಿಲ್ಲದೆ ಕುಳಿತಿದ್ದರು. ಅದೇ ಪಡೆಯ ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್ 'ನಾವು ಸೈನಿಕರೋ, ಕೂಲಿಗಳೋ?' ಎಂದು ಲಿಂಕನ್‌ರಿಗೇ ಬರೆದು ಕೇಳಿದರು. ಅವರು ಕೇಳಿದ್ದು ದುಡ್ಡನ್ನೆಂದು ನಿಮಗೆ ಈಗಲೂ ಅನ್ನಿಸುತ್ತದೆಯೆ?

1864ರ ಜೂನ್ 15ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸಮಾನ ಸಂಬಳ ಒಪ್ಪಿತು. ಅಲ್ಲೂ ಒಂದು ತೊಡಕು: 1864ರ ಜನವರಿಗಿಂತ ಹಿಂದಿನ ಬಾಕಿ ಸಿಗುವುದು 1861ರ ಏಪ್ರಿಲ್ 19ರಂದು ಸ್ವತಂತ್ರರಾಗಿದ್ದವರಿಗೆ ಮಾತ್ರ. ಗುಲಾಮನಾಗಿದ್ದವನಿಗೆ ಗುಲಾಮನಾಗಿದ್ದುದಕ್ಕೇ ದಂಡ! ಸ್ವತಂತ್ರನಾಗಿದ್ದೆನೆಂದು ಸಿಪಾಯಿ ಪ್ರಮಾಣ ಮಾಡಬೇಕಿತ್ತು; 54ನೇ ಪಡೆಯ ಕರ್ನಲ್ ಹ್ಯಾಲೊವೆಲ್ ಆ ಪ್ರಮಾಣವಚನದ ಮಾತುಗಳನ್ನೇ ಬೇರೆ ಮಾಡಿ, ಆ ದಿನ ಯಾರಿಗೂ ಬಿಟ್ಟಿ ದುಡಿಮೆಯ ಋಣವಿರಲಿಲ್ಲ ಎಂದು ಹೇಳಿಸಿದರು. ಯಾವ ಗುಲಾಮನಿಗೆ ತಾನೇ ಆ ಋಣವಿತ್ತು? ಎಲ್ಲರೂ ನಿರಾತಂಕವಾಗಿ ಪ್ರಮಾಣ ಮಾಡಿದರು. ಉಳಿದ ಪಡೆಗಳ ಮಾಜಿ ಗುಲಾಮರು 1865ರ ಮಾರ್ಚ್‌ವರೆಗೆ ಕಾಯಬೇಕಾಯಿತು.

'ಲಿಂಕನ್ ಗುಲಾಮರನ್ನು ಬಿಡಿಸಿದರು' ಎಂಬ ಒಂದೇ ಸಾಲನ್ನು ನಮ್ಮ ಮಕ್ಕಳು ಉರುಹೊಡೆಯುತ್ತಾರೆ. ಆ ಸಾಲಿನಲ್ಲಿ ಗುಲಾಮರು ಕರ್ಮಪದ. ಅವರೇ ಕರ್ತೃವಾಗಿರುವ ವಾಕ್ಯ ಯಾವ ತರಗತಿಯಲ್ಲೂ ಸಿಗುವುದಿಲ್ಲ. ಆ ಕೊರತೆಯನ್ನು ಈ ಪತ್ರಿಕೆ ತುಂಬಬೇಕೆಂಬುದು ನಮ್ಮ ಹಟ. ನಿಮ್ಮಂಥ ಓದುಗರೇ ಅದಕ್ಕೆ ಬೇಸರಪಟ್ಟರೆ ಹೇಗೆ?

ದಕ್ಷಿಣ ಕೆರೊಲಿನಾ 3ನೇ ಪಡೆಯ ಸಾರ್ಜೆಂಟ್ ವಿಲಿಯಂ ವಾಕರ್ ಗುಲಾಮನಾಗಿ ಹುಟ್ಟಿದವರು. 1863ರ ನವೆಂಬರಿನಲ್ಲಿ ತಮ್ಮ ತುಕಡಿಯನ್ನು ಕರ್ನಲ್‌ನ ಡೇರೆಯ ಮುಂದೆ ನಿಲ್ಲಿಸಿ, ಬಂದೂಕು ಕೆಳಗಿಡಿಸಿದರು: ಸರಿಯಾದ ಸಂಬಳವಿಲ್ಲದೆ ಸೇವೆಯಿಲ್ಲ. ದಂಗೆಯ ಆರೋಪ ಹೊರಿಸಿ, 1864ರ ಫೆಬ್ರವರಿ 29ರಂದು ಜಾಕ್ಸನ್‌ವಿಲ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಕೊಂದದ್ದು ಅವರದೇ ಸೇನೆ, ಲಿಂಕನ್‌ರ ಉತ್ತರದ ಸೇನೆಯೇ. ಸಮಾನ ಸಂಬಳದ ಕಾಯ್ದೆಗೆ ಆಗ ಇನ್ನೂ ಮೂರೂವರೆ ತಿಂಗಳಿತ್ತು.